ರಿಸರ್ವ್ ಗ್ರೇಡ್ ಎಂದರೆ ಮೂಲೆಗೆ ತಳ್ಳಿದ್ದಲ್ಲ

ಪಶ್ಚಿಮ ಸಿಡ್ನಿಯ ಕನ್ನಡದ ಮನೆಗಳಿಂದ ರಗ್ಬಿ ಲೀಗ್ ಬಗ್ಗೆ ಬರುವ ಪತ್ರಗಳಲ್ಲಿ ಊರು, ವಯಸ್ಸು ಬದಲಾಗುತ್ತವೆ, ಪ್ರಶ್ನೆ ಬದಲಾಗುವುದಿಲ್ಲ. ಅದಕ್ಕೇ ಈ ಸಲ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಆಟದ ನಿಯಮ ವಿವರಿಸುತ್ತಾ ಕೂರುವುದಿಲ್ಲ. ಮಗ ಹತ್ತು ವರ್ಷದಿಂದ ಆಡುತ್ತಿದ್ದರೆ ಅಷ್ಟು ನಿಮಗೇ ಗೊತ್ತಿರಬೇಕು.

ಪ್ರಶ್ನೆ: ಮಗನಿಗೆ 20 ವರ್ಷ, ಪ್ರಾಪ್ (ಮುಂಚೂಣಿಯ ಭಾರಿ ಆಟಗಾರ). ಎರಡು ವರ್ಷ 21ರ ಒಳಗಿನವರ ಜರ್ಸಿ ಫ್ಲೆಗ್ ಆಡಿದ. ಈ ವರ್ಷ ಅವನನ್ನು ರಿಸರ್ವ್ ತಂಡಕ್ಕೆ, ಅಂದರೆ ನ್ಯೂ ಸೌತ್ ವೇಲ್ಸ್ ಕಪ್‌ಗೆ ಹಾಕಿ ಬೆಂಚಿನಿಂದ 25 ನಿಮಿಷ ಆಡಿಸುತ್ತಾರೆ, ಅಷ್ಟೇ. ನೇಥನ್ ಕ್ಲಿಯರಿ 18ಕ್ಕೇ ಫಸ್ಟ್ ಗ್ರೇಡ್, ಅಂದರೆ ಎನ್‌ಆರ್‌ಎಲ್ (ರಾಷ್ಟ್ರೀಯ ರಗ್ಬಿ ಲೀಗ್) ಆಡಲಿಲ್ಲವೇ? ಬೇರೆ ಕ್ಲಬ್ಬಿನವರು ‘ಬಾ, ಫಸ್ಟ್ ಗ್ರೇಡ್ ಆಡಿಸ್ತೀವಿ’ ಅಂತಿದ್ದಾರೆ. ಈ ಕ್ಲಬ್ಬಿನ ಒಪ್ಪಂದದಿಂದ ಬಿಡುಗಡೆ ಕೇಳೋಣ ಅಂತ ನಮ್ಮ ಯಜಮಾನರು ಹಟ ಹಿಡಿದಿದ್ದಾರೆ. — ಒಬ್ಬ ತಾಯಿ, ಬ್ಲ್ಯಾಕ್‌ಟೌನ್

ಕೇಳಬೇಡಿ. ಈ ವರ್ಷವಂತೂ ಬೇಡ.

ಕ್ಲಿಯರಿ 2016ರಲ್ಲಿ 18ನೇ ವಯಸ್ಸಿಗೆ ಪೆನ್ರಿತ್ ಕ್ಲಬ್ಬಿಗೆ ಆಡಿದ್ದು ನಿಜ. ಆತ ಆಟ ಕಟ್ಟುವ ಹಾಫ್‌ಬ್ಯಾಕ್, ನಿಮ್ಮ ಮಗ ಪ್ರಾಪ್. ಮೈದಾನದ ನಡುವೆ ನೂರು ಕೆಜಿ ಮೀರಿದವರು ಓಡಿಬಂದು ಗುದ್ದುವುದನ್ನು ನಿಮಿಷಕ್ಕೊಮ್ಮೆ ತಡೆಯುವ ಕೆಲಸಕ್ಕೆ ಮೈ ಹದಗೊಳ್ಳುವುದು ಸಾಮಾನ್ಯವಾಗಿ 23 ದಾಟಿದ ಮೇಲೆ. ಹೋಲಿಸಲೇಬೇಕೆಂದಿದ್ದರೆ ನಿಕೋ ಹೈನ್ಸ್ ಅವರನ್ನು ನೋಡಿ. ಕ್ವೀನ್ಸ್‌ಲ್ಯಾಂಡ್ ಕಪ್‌ನಲ್ಲಿ ಮಕಾಯ್ ಕಟರ್ಸ್‌ಗೆ, ಆಮೇಲೆ ಸನ್‌ಶೈನ್ ಕೋಸ್ಟ್ ಫಾಲ್ಕನ್ಸ್‌ಗೆ ಆಡಿ, 2019ರಲ್ಲಿ ಮೆಲ್ಬರ್ನ್ ಸ್ಟಾರ್ಮ್ ಪರ ಮೊದಲ ಎನ್‌ಆರ್‌ಎಲ್ ಪಂದ್ಯ ಆಡುವ ಹೊತ್ತಿಗೆ ಅವರು ಇಪ್ಪತ್ತು ದಾಟಿ ಎರಡು ವರ್ಷದ ಮೇಲಾಗಿತ್ತು. 2022ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಡಾಲಿ ಎಂ ಪದಕ ಗೆದ್ದರು. ಅವರು ಪ್ರಾಪ್ ಅಲ್ಲ, ಆದರೂ ಅಷ್ಟು ಕಾಯಬೇಕಾಯಿತು.

ಈಗ ಲೆಕ್ಕಕ್ಕೆ ಬನ್ನಿ. ಎನ್‌ಆರ್‌ಎಲ್ ಕ್ಲಬ್ಬಿನ ಮುಖ್ಯ ಪಟ್ಟಿಯಲ್ಲಿ 30 ಆಟಗಾರರು, ಅದರ ಕೆಳಗೆ ಡೆವಲಪ್‌ಮೆಂಟ್ ಪಟ್ಟಿ. ಪಂದ್ಯದಲ್ಲಿ ಆಡುವವರು 13 ಮಂದಿ, ಬದಲಿಯಾಗಿ ಇಳಿಯುವವರು 4. ಉಳಿದವರಲ್ಲಿ ಗಾಯಾಳುಗಳನ್ನು ಬಿಟ್ಟರೆ ಮಿಕ್ಕವರಲ್ಲಿ ಬಹುತೇಕರು ಅದೇ ವಾರ ರಿಸರ್ವ್ ಗ್ರೇಡ್ ಆಡುತ್ತಾರೆ. ಅಂದರೆ ನಿಮ್ಮ ಮಗನ ಪಕ್ಕದಲ್ಲೂ ಎದುರಲ್ಲೂ ಹೋದ ವಾರ ಎನ್‌ಆರ್‌ಎಲ್ ಆಡಿದವರಿದ್ದಾರೆ. ವಾರವೆಲ್ಲ ಪ್ಲಂಬಿಂಗ್ ಕೆಲಸ ಮಾಡಿ ಶನಿವಾರ ಆಡಲು ಬರುವ ಮೂವತ್ತರ ಗಂಡಸರೂ ಇದ್ದಾರೆ. ಅವನಿಗೆ ಪಾಠ ಕಲಿಸುವವರು ಇವರೇ. ಫ್ಲೆಗ್ 21ರ ಒಳಗಿನವರ ಟೂರ್ನಿ, ಅಲ್ಲಿ ಈ ಪಾಠ ಸಿಗುವುದಿಲ್ಲ.

ಆ ಪಾಠ ಯಾವುದು ಅಂತ ಒಂದು ಗಳಿಗೆ ಹತ್ತಿರದಿಂದ ನೋಡಿ. 60ನೇ ನಿಮಿಷ. ಹುಡುಗ ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲ್ ಮುಗಿಸಿ ನೆಲದಿಂದ ಏಳುತ್ತಾನೆ, ಉಸಿರು ಸಿಗುತ್ತಿಲ್ಲ. ಮಾರ್ಕರ್ ಆಗಿ ಇಬ್ಬರು ಚೆಂಡಿನ ಎದುರು ನಿಂತಿದ್ದಾರೆ, ಇವನು 10 ಮೀಟರ್ ಹಿಂದೆ ಸರಿದು ಸಾಲು ಸೇರಬೇಕು. ಚೆಂಡಿನ ಮೇಲೆ ಕಣ್ಣಿಟ್ಟುಕೊಂಡು ಹಿಂದೆ ಸರಿಯುವ ಬದಲು ತಿರುಗಿ, ಸೊಂಟದ ಮೇಲೆ ಕೈಯಿಟ್ಟು ನಡೆದುಬಿಡುತ್ತಾನೆ. ಫ್ಲೆಗ್‌ನಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ರಿಸರ್ವ್ ಗ್ರೇಡ್‌ನಲ್ಲಿ ಎದುರಾಳಿ ಹುಕರ್‌ಗೆ (ನೆಲದಿಂದ ಚೆಂಡೆತ್ತಿ ಆಟ ಮುಂದುವರಿಸುವವನಿಗೆ) ಅವನ ಬೆನ್ನಿನ ನಂಬರ್ ಕಂಡರೆ ಸಾಕು, ಚೆಂಡೆತ್ತಿ ನೇರ ಆ ಸಂದಿಗೇ ಓಡುತ್ತಾನೆ. ಹದಿನೈದು ಮೀಟರ್ ಹೋಯಿತು. ಮುಂದಿನ ಎರಡು ಟ್ಯಾಕಲ್‌ನೊಳಗೆ ಟ್ರೈ ಬಿದ್ದು ಎದುರಾಳಿಗೆ ಅಂಕ ಸಿಗುತ್ತದೆ. ಸ್ಕೋರ್‌ಕಾರ್ಡಿನಲ್ಲಿ ಹುಡುಗನ ಹೆಸರಿಗೆ ತಪ್ಪೇನೂ ದಾಖಲಾಗುವುದಿಲ್ಲ, ಆದರೆ ಸೋಮವಾರದ ವಿಡಿಯೊದಲ್ಲಿ ಕೋಚ್ ಅದನ್ನು ಮೂರು ಸಲ ಹಿಂದೆ ಮುಂದೆ ಮಾಡಿ ನೋಡಿರುತ್ತಾರೆ.

2008ರಿಂದ 2017ರವರೆಗೆ 20ರ ಒಳಗಿನವರಿಗೆ ರಾಷ್ಟ್ರೀಯ ಟೂರ್ನಿ ಇತ್ತು, ಪಂದ್ಯಗಳು ಟಿವಿಯಲ್ಲಿ ಬರುತ್ತಿದ್ದವು. ಹುಡುಗರು ಟ್ರೈ ಮೇಲೆ ಟ್ರೈ ಹಾಕುತ್ತಿದ್ದರು, ಡಿಫೆನ್ಸ್ ಸಡಿಲ. ಅಲ್ಲಿ ತಾರೆಗಳಾಗಿದ್ದ ಎಷ್ಟೋ ಮಂದಿ ದೊಡ್ಡವರ ಎದುರು ನಿಲ್ಲಲಾರದೆ ಕಾಣೆಯಾದರು. ಆ ಟೂರ್ನಿ ನಿಂತದ್ದು ಸರಿಯಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಪೆನ್ರಿತ್ 2022ರಲ್ಲಿ 19ರ ಒಳಗಿನವರ ಎಸ್‌ಜಿ ಬಾಲ್, ಜರ್ಸಿ ಫ್ಲೆಗ್, ನ್ಯೂ ಸೌತ್ ವೇಲ್ಸ್ ಕಪ್, ಎನ್‌ಆರ್‌ಎಲ್ ನಾಲ್ಕನ್ನೂ ಗೆದ್ದಿತು. ಮೇಲಿನ ತಂಡಕ್ಕೆ ಆಳು ಬರುವುದು ಕೆಳಗಿನ ತಂಡದಿಂದಲೇ. ಆ ದಾರಿಯಲ್ಲಿ ರಿಸರ್ವ್ ಗ್ರೇಡ್ ದಾಟಲೇಬೇಕಾದ ಮೆಟ್ಟಿಲು.

ಹಾಗಾದರೆ ಈ ವರ್ಷ ಅವನು ಮಾಡಬೇಕಾದ್ದೇನು?

ಪಂದ್ಯದ ವಿಡಿಯೊ ಕ್ಲಬ್ಬಿನಿಂದ ಪಡೆದು, ತನ್ನ 25 ನಿಮಿಷವನ್ನು ಒಂದು ನೋಟ್‌ಬುಕ್ಕಿಗೆ ಇಳಿಸಲಿ. ಪ್ರತಿ ಟ್ಯಾಕಲ್‌ಗೆ ಒಂದು ಸಾಲು, ಸಾಲಿಗೆ ಮೂರು ಅಂಕಣ: ಭುಜ ಮೊದಲು ತಾಗಿತೋ ಕೈಯೋ, ಬಿದ್ದಾಗ ಇವನು ಮೇಲಿದ್ದನೋ ಕೆಳಗೋ, ಮುಂದಿನ ಪ್ಲೇ-ದ-ಬಾಲ್ (ಕೆಡವಲ್ಪಟ್ಟವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳುವುದು) ಹೊತ್ತಿಗೆ ಮುಖ ಮುಂದೆ ಮಾಡಿ ಸಾಲಿನಲ್ಲಿದ್ದನೋ ಇಲ್ಲವೋ. ಮೂರನೆಯ ಅಂಕಣವೇ ಮುಖ್ಯ. ಇಪ್ಪತ್ತು ಟ್ಯಾಕಲ್‌ನಲ್ಲಿ ನಾಲ್ಕಕ್ಕಿಂತ ಹೆಚ್ಚು ಸಲ ‘ಇಲ್ಲ’ ಬಂದರೆ ಫಸ್ಟ್ ಗ್ರೇಡ್ ದೂರವಿದೆ ಅಂತ ನಾನು ಲೆಕ್ಕ ಹಾಕುತ್ತೇನೆ. ಐದಾರು ಪಂದ್ಯ ಬರೆದಾಗ ತಪ್ಪು ಯಾವ ನಿಮಿಷದ ಮೇಲೆ ಶುರುವಾಗುತ್ತದೆ ಎಂದು ಗೊತ್ತಾಗುತ್ತದೆ. ದಮ್ಮಿನ ಕೊರತೆಯೋ ಅಭ್ಯಾಸದ ತಪ್ಪೋ ಎಂಬುದು ಅಲ್ಲೇ ತಿಳಿಯುತ್ತದೆ.

ಇನ್ನು 25 ನಿಮಿಷದ ವಿಚಾರ. ನಿಮ್ಮ ಚಿಂತೆಯಲ್ಲಿ ಹುರುಳಿರುವುದು ಇಲ್ಲೇ, ಆದರೆ ನೀವಂದುಕೊಂಡ ಕಾರಣಕ್ಕಲ್ಲ. ದೇಹದ ಮೇಲೆ ಬಿದ್ದ ಹೊರೆ ಅಳೆಯುವ ಸುಲಭ ಲೆಕ್ಕ ಒಂದಿದೆ: ಆಡಿದ ನಿಮಿಷಗಳನ್ನು, ಎಷ್ಟು ಕಷ್ಟವಾಯಿತು ಎಂದು ಹತ್ತಕ್ಕೆ ಅವನೇ ಕೊಟ್ಟ ಅಂಕದಿಂದ ಗುಣಿಸುವುದು. 25 ನಿಮಿಷ, ಕಷ್ಟ 8 ಎಂದರೆ 200. 50 ನಿಮಿಷವಾದರೆ 400. ಐದು ವಾರ 200ರಲ್ಲಿದ್ದವನನ್ನು, ಇಬ್ಬರು ಪ್ರಾಪ್‌ಗಳು ಗಾಯಗೊಂಡರು ಅಂತ ಆರನೇ ವಾರ ಏಕಾಏಕಿ 400ಕ್ಕೆ ಏರಿಸಿದರೆ ತೊಡೆಯ ಹಿಂಬದಿಯ ಸ್ನಾಯು ಕೈಕೊಡಬಹುದು. ಇದಕ್ಕಿಂತ ಕೆಟ್ಟದ್ದು, ಫಸ್ಟ್ ಗ್ರೇಡ್ ತಂಡದ ಜೊತೆ ಹೆಚ್ಚುವರಿ ಆಟಗಾರನಾಗಿ ಹೋಗಿ ಆಡದೆ ಕೂತು ಬರುವುದು. ಮನೆಯಲ್ಲಿ ಹಬ್ಬ, ಫೋನಿನಲ್ಲಿ ಫೋಟೊ. ಆ ವಾರ ಅವನು ಆಡಿದ್ದು ಸೊನ್ನೆ ನಿಮಿಷ. ಹೀಗೆ ಎರಡು ವಾರ ಒಟ್ಟಿಗೆ ಬಂದರೆ ಮೂರನೆಯ ವಾರ ರಿಸರ್ವ್ ಗ್ರೇಡ್ ಆಡಿಸಿ ಎಂದು ಅವನೇ ಬಾಯಿಬಿಟ್ಟು ಕೇಳಬೇಕು.

ಕಡಿಮೆ ಆಡಿದ ದಿನ ಆ ಕೊರತೆಯನ್ನು ಅಲ್ಲೇ ತುಂಬಬೇಕು. ಬೂಟು ಬಿಚ್ಚುವ ಮೊದಲೇ 15 ಸೆಕೆಂಡ್ ಓಟ, 15 ಸೆಕೆಂಡ್ ನಡಿಗೆ, ಹೀಗೆ 4 ನಿಮಿಷ. 2 ನಿಮಿಷ ಬಿಡುವು. ಮತ್ತೆ 4 ನಿಮಿಷ. ಪ್ರಾಪ್ ಆದರೆ ಪ್ರತಿ ಓಟ ಸುಮಾರು 70 ಮೀಟರ್ ಸಾಕು. ಕ್ಲಬ್ಬಿನ ಫಿಟ್‌ನೆಸ್ ಕೋಚ್‌ಗೆ ತಿಳಿಸದೆ ಮಾಡಬಾರದು. ಕದ್ದುಮುಚ್ಚಿ ಹೊರಗಿನ ಜಿಮ್‌ಗೆ ಹೋಗುವುದಂತೂ ಕೂಡದು, ಎರಡು ಕಡೆ ಸ್ಕ್ವಾಟ್ ಹೊಡೆದು ಸೊಂಟ ಕೆಡಿಸಿಕೊಳ್ಳುವವರು ಪ್ರತಿ ವರ್ಷ ಸಿಗುತ್ತಾರೆ. ತೂಕವೂ ಹಾಗೆಯೇ. ಈ ವಯಸ್ಸಿನ ಪ್ರಾಪ್‌ಗೆ ವರ್ಷಕ್ಕೆ 2ರಿಂದ 4 ಕೆಜಿ ಹೆಚ್ಚಿದರೆ ಸಾಕು. ಆರು ವಾರದಲ್ಲಿ 6 ಕೆಜಿ ಏರಿಸಿಕೊಂಡು ಬಂದರೆ ಅದರಲ್ಲಿ ಬಹುಪಾಲು ಕೊಬ್ಬು. ಆ ಮೂರನೆಯ ಅಂಕಣದಲ್ಲಿ ‘ಇಲ್ಲ’ಗಳು ಹೆಚ್ಚುತ್ತವೆ.

ಸೀಸನ್ ಅರ್ಧ ಕಳೆದ ಮೇಲೆ ಕ್ಲಬ್ಬಿನವರ ಜೊತೆ ಕೂತು ಮಾತಾಡಿ. ಮಾತಾಡಬೇಕಾದ್ದು ಹುಡುಗ, ನಿಮ್ಮ ಯಜಮಾನರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ. ‘ಯಾವಾಗ ಫಸ್ಟ್ ಗ್ರೇಡ್?’ ಅಂತ ಕೇಳಿದರೆ ‘ಕಷ್ಟಪಡು, ಬರುತ್ತೆ’ ಎಂಬ ಉತ್ತರ ಸಿಗುತ್ತದೆ, ಅದರಿಂದ ಉಪಯೋಗವಿಲ್ಲ. ನನ್ನನ್ನು ತಡೆಯುತ್ತಿರುವ ಎರಡು ಸಂಗತಿ ಯಾವುವು, ನನ್ನ ಜಾಗದಲ್ಲಿರುವವರ ಒಪ್ಪಂದ ಎಲ್ಲಿಯವರೆಗಿದೆ, ಮುಂದಿನ ವರ್ಷ ನನ್ನ ಹೆಸರು ಮುಖ್ಯ ಪಟ್ಟಿಯಲ್ಲೋ ಡೆವಲಪ್‌ಮೆಂಟ್ ಪಟ್ಟಿಯಲ್ಲೋ ಬರೀ ರಿಸರ್ವ್ ಒಪ್ಪಂದದಲ್ಲೋ, ಇಷ್ಟನ್ನು ಕೇಳಲಿ. ಎರಡು ಸಂಗತಿ ಸ್ಪಷ್ಟವಾಗಿ ಹೇಳುವ ಕೋಚ್ ಅವನನ್ನು ಗಮನಿಸುತ್ತಿದ್ದಾರೆ. ಏನೂ ಹೇಳಲಾಗದವರು ಗಮನಿಸುತ್ತಿಲ್ಲ. ಆಗ ಒಪ್ಪಂದ ಮುಗಿದ ಮೇಲೆ ಬೇರೆ ಕ್ಲಬ್ ನೋಡುವುದರಲ್ಲಿ ತಪ್ಪಿಲ್ಲ.

ಆ ಇನ್ನೊಂದು ಕ್ಲಬ್ಬಿನ ಮಾತಿಗೆ ಬೆಲೆಯಿಲ್ಲ. ಇಷ್ಟು ಪಂದ್ಯ ಆಡಿಸುತ್ತೇವೆ ಎಂದು ಯಾವ ಕೋಚೂ ಬರೆದುಕೊಡುವುದಿಲ್ಲ. ಹೋಗುವುದೇ ಆದರೆ ಅಲ್ಲಿ ರಿಸರ್ವ್ ತಂಡ ಯಾರದ್ದು ಅಂತ ಮೊದಲು ವಿಚಾರಿಸಿ. ಪೆನ್ರಿತ್‌ನಂತೆ ಎಲ್ಲರಿಗೂ ಸ್ವಂತ ತಂಡವಿಲ್ಲ. ಕ್ರೊನುಲ್ಲಾದ ಹುಡುಗರು ನ್ಯೂಟೌನ್ ಜೆಟ್ಸ್ ಹೆಸರಿನಲ್ಲಿ ಹೆನ್ಸನ್ ಪಾರ್ಕ್‌ನಲ್ಲಿ ಆಡಿದ್ದಾರೆ. ಬ್ರಿಸ್ಬೇನ್ ಬ್ರಾಂಕೋಸ್ ತನ್ನವರನ್ನು ಕ್ವೀನ್ಸ್‌ಲ್ಯಾಂಡ್ ಕಪ್‌ನ ಬೇರೆ ಬೇರೆ ಕ್ಲಬ್ಬುಗಳಿಗೆ ಹಂಚುತ್ತದೆ. ಅಲ್ಲಿ ಕೋಚ್ ಬೇರೆ, ಆಟದ ಪದ್ಧತಿ ಬೇರೆ. ಇಪ್ಪತ್ತರ ಹುಡುಗನಿಗೆ ಅದು ಸಣ್ಣ ವ್ಯತ್ಯಾಸವಲ್ಲ.

ಕೊನೆಗೊಂದು ಮಾತು, ಅಮ್ಮ. ಟೇಫ್‌ನಲ್ಲೋ (ವೃತ್ತಿ ತರಬೇತಿ ಕಾಲೇಜು) ಯೂನಿವರ್ಸಿಟಿಯಲ್ಲೋ ಏನು ಓದುತ್ತಿದ್ದಾನೆ ಅಂತ ನೀವು ಬರೆದಿಲ್ಲ. ಓದುತ್ತಿಲ್ಲವಾದರೆ ಬಿಡುಗಡೆಗಿಂತ ಮೊದಲು ಯೋಚಿಸಬೇಕಾದ್ದು ಅದನ್ನೇ.

ಪ್ರಶ್ನೆ: ಮಗನಿಗೆ ಈ ನವೆಂಬರಿಗೆ 16. ಎತ್ತರ 160 ಸೆಂ.ಮೀ. 17ರ ಒಳಗಿನವರ ಹೆರಾಲ್ಡ್ ಮ್ಯಾಥ್ಯೂಸ್ ತಂಡದ ಆಯ್ಕೆಯಲ್ಲಿ ‘ಚಿಕ್ಕವನು’ ಅಂತ ಕೈಬಿಟ್ಟರು. ಎತ್ತರ ಹೆಚ್ಚಿಸುವ ಪುಡಿ ಕೊಡಬಹುದೇ?

ಬೇಡ. ಎಲುಬಿನ ತುದಿಯ ಬೆಳವಣಿಗೆಯ ಪದರ (ಗ್ರೋತ್ ಪ್ಲೇಟ್) ಮುಚ್ಚಿದ ಮೇಲೆ ಅದನ್ನು ತೆರೆಸುವ ಪುಡಿ ಇಲ್ಲ, ಮುಚ್ಚುವ ಮೊದಲು ಪುಡಿ ಬೇಕಾಗಿಲ್ಲ. ಅಂಥದ್ದನ್ನು ಮಾರುವವರು ನಿಮ್ಮ ಆತಂಕವನ್ನು ದುಡ್ಡು ಮಾಡಿಕೊಳ್ಳುತ್ತಿದ್ದಾರೆ. ಅದರಲ್ಲಿ ನಿಷೇಧಿತ ವಸ್ತು ಬೆರೆತಿದ್ದು ಪರೀಕ್ಷೆಯಲ್ಲಿ ಸಿಕ್ಕಿದರೆ ಹೊಣೆ ನಿಮ್ಮ ಮಗನದ್ದೇ, ‘ಗೊತ್ತಿರಲಿಲ್ಲ’ ಎಂದರೆ ಕೇಳುವುದಿಲ್ಲ. ನಿಷೇಧಿತ ವಸ್ತುಗಳಿಗಾಗಿ ಪರೀಕ್ಷಿಸಿ ಕೊಡುವ ಹ್ಯಾಸ್ಟಾ ಅಥವಾ ಇನ್ಫಾರ್ಮ್ಡ್ ಸ್ಪೋರ್ಟ್ ಮುದ್ರೆ ಇಲ್ಲದ ಯಾವ ಡಬ್ಬಿಯೂ ಮನೆಯೊಳಗೆ ಬರಬಾರದು, ಊರಿಂದ ತಂದದ್ದೂ ಸೇರಿ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುವ ಗಾದೆ ಈ ಆಟಕ್ಕೆ ಹೊಂದುವುದಿಲ್ಲ. ಹುಡುಗರು ಅತಿ ವೇಗವಾಗಿ ಬೆಳೆಯುವುದು ಸರಾಸರಿ 14ರ ಹತ್ತಿರ, ಕೆಲವರಿಗೆ 12ಕ್ಕೇ, ಕೆಲವರಿಗೆ 16ಕ್ಕೆ. ವಯೋಮಿತಿ ಎಣಿಸುವುದು ಜನವರಿಯಿಂದ, ನಿಮ್ಮ ಮಗ ನವೆಂಬರಿನವನು. ಆಯ್ಕೆಗಾರರು ಆರಿಸಿದ್ದು ಆ ದಿನದ ಮೈಯನ್ನು.

ಮೂರು ತಿಂಗಳಿಗೊಮ್ಮೆ, ಬೆಳಿಗ್ಗೆಯೇ, ಬರಿಗಾಲಿನಲ್ಲಿ ಹಿಮ್ಮಡಿ ಗೋಡೆಗೆ ಒತ್ತಿ ನಿಲ್ಲಿಸಿ ಒಬ್ಬರೇ ಎರಡು ಸಲ ಅಳೆಯಿರಿ. ಮೂರು ತಿಂಗಳಲ್ಲಿ 2 ಸೆಂ.ಮೀ. ಏರಿದರೆ ಬೆಳವಣಿಗೆಯ ಓಟ ಶುರುವಾಗಿದೆ. ಆಗ ಮೊಣಕಾಲಿನ ಕೆಳಗೆ, ಹಿಮ್ಮಡಿಯಲ್ಲಿ ನೋವು ಬಂದರೆ ಜಿಗಿತ ಮತ್ತು ಸ್ಪ್ರಿಂಟ್ ಕಡಿಮೆ ಮಾಡಿಸಿ, ನೋವು ತಗ್ಗದಿದ್ದರೆ ಫಿಸಿಯೊಗೆ ತೋರಿಸಿ. ಜಿಮ್ ಬಿಡಿಸಬೇಡಿ. ಸರಿಯಾಗಿ ಕಲಿತು ಭಾರ ಎತ್ತಿದರೆ ಬೆಳವಣಿಗೆ ನಿಲ್ಲುತ್ತದೆ ಎಂಬುದು ಸುಳ್ಳು. ಎಸ್‌ಜಿ ಬಾಲ್ 19ರ ಒಳಗಿನವರದ್ದು, ಅವನಿಗಿನ್ನೂ ಸಮಯವಿದೆ.

ಪ್ರಶ್ನೆ: ಹೋದ ಶನಿವಾರ ಮಗನ (17) ತಲೆಗೆ ಪೆಟ್ಟಾಗಿ ಮಂಕಾಗಿದ್ದ. ಎರಡು ದಿನದಲ್ಲಿ ಸರಿಹೋದ, ಸ್ಕ್ಯಾನ್ ನಾರ್ಮಲ್. ಬರುವ ಶನಿವಾರ ಫೈನಲ್. ಹೆಲ್ಮೆಟ್ ಹಾಕಿ ಆಡಿಸಲೇ?

ಆಡಿಸಬಾರದು. ಕನ್‌ಕಷನ್ (ಪೆಟ್ಟಿನಿಂದ ಮಿದುಳಿಗಾಗುವ ಆಘಾತ) ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಮೆತ್ತನೆಯ ಹೆಡ್‌ಗೇರ್ ಅದನ್ನು ತಡೆಯುವುದಿಲ್ಲ. ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಮಾರ್ಗಸೂಚಿ ಸ್ಪಷ್ಟವಾಗಿದೆ: ಯಾವ ಲಕ್ಷಣವೂ ಇಲ್ಲದ 14 ದಿನ ಕಳೆದ ಮೇಲೆ ಮೈತಾಗುವ ತರಬೇತಿ, ಪೆಟ್ಟಾದಂದಿನಿಂದ ಕನಿಷ್ಠ 21 ದಿನದ ಮೇಲೆ ಪಂದ್ಯ. ಹತ್ತನೇ ದಿನ ತಲೆನೋವು ಮರುಕಳಿಸಿದರೆ, ಅದು ವಾಸಿಯಾದ ಮೇಲೆ 14ರ ಎಣಿಕೆ ಮತ್ತೆ ಮೊದಲಿನಿಂದ. ಎನ್‌ಆರ್‌ಎಲ್‌ನ 11 ದಿನದ ನಿಯಮ ದಿನವೂ ವೈದ್ಯರ ಕಣ್ಣಡಿಯಲ್ಲಿರುವ ವೃತ್ತಿಪರರದ್ದು, ಅದನ್ನು ಹುಡುಗರಿಗೆ ಅನ್ವಯಿಸಬೇಡಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಕುತ್ತಿಗೆ ನೋವು, ಕೈಕಾಲು ಜೋಮು, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ತುರ್ತು ಸಂಖ್ಯೆ 000ಗೆ ಕರೆ ಮಾಡಿ. ಇದರಲ್ಲಿ ಚರ್ಚೆಗೆ ಜಾಗವಿಲ್ಲ.

ಪ್ರಶ್ನೆ: ಸಸ್ಯಾಹಾರಿ ಹುಡುಗ ಪ್ರಾಪ್‌ನಂಥ ಫಾರ್ವರ್ಡ್ ಆಗಬಹುದೇ?

ಆಗಬಹುದು, ಆದರೆ ಅನ್ನ, ಸಾರು, ಮೊಸರಿನಲ್ಲಿ ಅಲ್ಲ. ಕೆಜಿ ತೂಕಕ್ಕೆ 1.6 ಗ್ರಾಂ ಪ್ರೋಟೀನ್ ಎಂದರೆ 90 ಕೆಜಿಯವನಿಗೆ ದಿನಕ್ಕೆ ಸುಮಾರು 145 ಗ್ರಾಂ. ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 25, ಪನೀರ್ 100 ಗ್ರಾಂನಲ್ಲಿ 18, ಬೆಂದ ಕಡಲೆಕಾಳು ಒಂದು ಬಟ್ಟಲಲ್ಲಿ 14, ಹಾಲು ಕಾಲು ಲೀಟರಿನಲ್ಲಿ 8. ದಿನಕ್ಕೆ ನಾಲ್ಕೈದು ಸಲ ಹಂಚಿ ಕೊಡಿ.

ಪ್ರಶ್ನೆ: ಲೀಗ್‌ಗೋಸ್ಕರ 13 ವರ್ಷದವನ ಕ್ರಿಕೆಟ್ ಬಿಡಿಸಬೇಕೇ?

ಬೇಡ. 15–16ರವರೆಗೆ ಎರಡೂ ಇರಲಿ.

ಪ್ರಶ್ನೆ: ಮಗಳಿಗೂ ಇಂಥ ದಾರಿ ಇದೆಯೇ?

ಇದೆ. 17ರ ಒಳಗೆ ಲಿಸಾ ಫಿಯಾಓಲಾ ಕಪ್, 19ರ ಒಳಗೆ ಟಾರ್ಷಾ ಗೇಲ್ ಕಪ್. ಮೇಲಿನ ಎಲ್ಲ ಮಾತೂ ಅವಳಿಗೂ ಸಲ್ಲುತ್ತದೆ, ಬೆಳವಣಿಗೆಯ ಓಟ ಮಾತ್ರ ಹುಡುಗರಿಗಿಂತ ಸುಮಾರು ಎರಡು ವರ್ಷ ಮೊದಲು.

ಪ್ರಶ್ನೆ: ಒಬ್ಬರು ಏಜೆಂಟ್ ದುಡ್ಡು ಕೊಟ್ಟರೆ ಎಸ್‌ಜಿ ಬಾಲ್ ತಂಡದಲ್ಲಿ ಜಾಗ ಖಚಿತ ಅಂತಾರೆ.

ಒಂದು ಡಾಲರೂ ಕೊಡಬೇಡಿ. ಎನ್‌ಆರ್‌ಎಲ್ ಮಾನ್ಯತೆ ಪಡೆದ ಏಜೆಂಟರ ಪಟ್ಟಿಯಲ್ಲಿ ಆ ಹೆಸರಿದೆಯೇ ನೋಡಿ, ಅವರು ಕಳಿಸಿದ ಮೆಸೇಜುಗಳನ್ನು ಅಳಿಸದೆ ಕ್ಲಬ್ಬಿಗೆ ತೋರಿಸಿ.