ಬೇಬ್ ರೂತ್ ದೊಡ್ಡವನೋ, ಶೋಹೆಯ್ ಓಟಾನಿ ದೊಡ್ಡವನೋ?

ಬೇಸ್‌ಬಾಲ್‌ನಲ್ಲಿ ನೂರು ವರ್ಷದ ಹಿಂದಿನ ಅಮೆರಿಕದ ರೂತ್, ಈಗಿನ ಜಪಾನಿನ ಓಟಾನಿ, ಇವರಿಬ್ಬರಲ್ಲಿ ಯಾರು ದೊಡ್ಡವರು, ಅಭಿಮಾನಿಗಳು ಅದನ್ನು ಹೇಗೆ ಅಳೆಯುತ್ತಾರೆ ಅಂತ ಕೇಳಿದ್ದೀರಿ. ಸುಮ್ನೆ ಹೋಂ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರದ ಹೊಡೆತ) ಎಣಿಸಿದರೆ ಆಗುವುದಿಲ್ಲ. ಆಯಾ ಕಾಲದಲ್ಲಿ ಉಳಿದವರು ಎಷ್ಟು ಹೊಡೆಯುತ್ತಿದ್ದರು ಅನ್ನುವುದನ್ನೂ ನೋಡಬೇಕು.

1920ನ್ನೇ ತಗೊಳ್ಳಿ. ಆ ವರ್ಷ ರೂತ್ ಹೊಡೆದಿದ್ದು 54 ಹೋಂ ರನ್. ಈಗಲೂ ಅದು ದೊಡ್ಡ ಲೆಕ್ಕವೇ. ಆದರೆ ಆಗ ಅವನ ಲೀಗಿನ ಬೇರೆ ಯಾವ ತಂಡದಲ್ಲೂ ಎಲ್ಲರೂ ಸೇರಿ ಹೊಡೆದರೂ ಅಷ್ಟಾಗಿರಲಿಲ್ಲ! ಇಂಥದ್ದನ್ನು ಅಳೆಯಲೆಂದೇ ಓಪಿಎಸ್ ಪ್ಲಸ್ ಅಂತ ಒಂದು ಲೆಕ್ಕ ಇದೆ. ಅದರಲ್ಲಿ ಆಯಾ ಕಾಲದ ಸಾಧಾರಣ ಬ್ಯಾಟರ್‌ಗೆ 100. ರೂತ್‌ಗೆ, ಇಡೀ ವೃತ್ತಿಜೀವನ ಸೇರಿ, 206.

ಬೌಲಿಂಗಿಗೂ, ಅಂದರೆ ಇಲ್ಲಿನ ಪಿಚಿಂಗಿಗೂ, ಇದೇ ಮಾತು. 1968ರಲ್ಲಿ ಬಾಬ್ ಗಿಬ್ಸನ್ ಅನ್ನುವ ಪಿಚರ್‌ನ ಇಆರ್‌ಎ, ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಕೊಟ್ಟ ರನ್, ಬರೀ 1.12. ಆದರೆ ಆ ವರ್ಷ ಎಲ್ಲ ಕಡೆ ಪಿಚರ್‌ಗಳದ್ದೇ ದರ್ಬಾರು. ಬ್ಯಾಟರ್‌ಗಳಿಗೆ ಅನುಕೂಲವಾಗಲಿ ಅಂತ ಮುಂದಿನ ವರ್ಷ ಪಿಚರ್ ನಿಲ್ಲುವ ದಿಬ್ಬವನ್ನೇ 15 ಇಂಚಿನಿಂದ 10 ಇಂಚಿಗೆ ಇಳಿಸಿಬಿಟ್ಟರು.

ಆದರೆ ಈ ಅಳತೆಯಲ್ಲೂ ಒಂದು ತೂತಿದೆ. ರೂತ್ ಆಡಿದಷ್ಟು ದಿನವೂ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗಿನಲ್ಲಿ ಕಪ್ಪು ಆಟಗಾರರಿಗೆ ಜಾಗವೇ ಇರಲಿಲ್ಲ. ಆ ತಡೆ ಮುರಿದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಒಳಗೆ ಬಂದಿದ್ದು 1947ರ ಏಪ್ರಿಲ್‌ನಲ್ಲಿ. ಕಪ್ಪು ಆಟಗಾರರ ಬೇರೆ ಕೂಟವಾದ ನೀಗ್ರೋ ಲೀಗಿನ ಜಾಶ್ ಗಿಬ್ಸನ್ (ಮೇಲೆ ಹೇಳಿದ ಬಾಬ್ ಅಲ್ಲ) ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದ. 2024ರಲ್ಲಿ ಆ ಲೀಗುಗಳ ದಾಖಲೆಯನ್ನೂ ಸೇರಿಸಿಕೊಂಡ ಮೇಲೆ, ಬ್ಯಾಟಿಂಗ್ ಸರಾಸರಿಯಲ್ಲಿ ಅಲ್ಲಿಯವರೆಗೆ ಮೊದಲಿದ್ದ ಟೈ ಕಾಬ್‌ನನ್ನು ಹಿಂದೆ ಹಾಕಿ ಜಾಶ್ ಗಿಬ್ಸನ್ ಮೊದಲ ಸ್ಥಾನಕ್ಕೆ ಬಂದ. ರೂತ್‌ನ 206 ಇಂಥವರನ್ನು ಹೊರಗಿಟ್ಟು ಬಂದ ಲೆಕ್ಕ, ಅಲ್ವಾ?

ಇನ್ನು, ಲೆಕ್ಕ ಎಷ್ಟೇ ದೊಡ್ಡದಿದ್ದರೂ ಜನ ಅದನ್ನು ನಂಬಬೇಕು. ಬ್ಯಾರಿ ಬಾಂಡ್ಸ್‌ನನ್ನೇ ನೋಡಿ. ಒಟ್ಟು 762 ಹೋಂ ರನ್, ಎಲ್ಲರಿಗಿಂತ ಜಾಸ್ತಿ. ಆದರೆ ಸ್ಟೆರಾಯ್ಡ್ ಗುಮಾನಿ ಬೆನ್ನು ಬಿಡಲಿಲ್ಲ. ಹ್ಯಾಂಕ್ ಆರನ್‌ನ 755ರ ದಾಖಲೆ ಮುರಿದ ಚೆಂಡನ್ನು ಒಬ್ಬ ಫ್ಯಾಷನ್ ಡಿಸೈನರ್ ಹರಾಜಿನಲ್ಲಿ ಕೊಂಡು, ಏನು ಮಾಡಲಿ ಅಂತ ಜನರ ವೋಟು ಕೇಳಿದ. ಅದರ ಮೇಲೆ ನಕ್ಷತ್ರದ ಗುರುತು (ಈ ದಾಖಲೆ ಅನುಮಾನದ್ದು ಅನ್ನುವ ಅರ್ಥದಲ್ಲಿ) ಒತ್ತಿ, ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಮ್ಯೂಸಿಯಂ ಹಾಲ್ ಆಫ್ ಫೇಮ್‌ಗೆ ಕಳಿಸು ಅಂದರು. ಹಾಗೇ ಆಯ್ತು. ಚೆಂಡು ಒಳಗೆ ಹೋಯ್ತು. ಬಾಂಡ್ಸ್ ಮಾತ್ರ ಪತ್ರಕರ್ತರ ಮತದಲ್ಲಿ ಹತ್ತು ಸಲವೂ ಅಲ್ಲಿ ಸೇರಲು ಬೇಕಾದ 75 ಶೇಕಡಾ ಮುಟ್ಟಲಿಲ್ಲ.

ನನ್ನನ್ನು ಕೇಳಿದರೆ ಓಟಾನಿ. ರೂತ್ ಪಿಚರೂ ಹೌದು, ಒಳ್ಳೆಯ ಪಿಚರೇ. ಆದರೆ ಎರಡೂ ಕೆಲಸ ಒಟ್ಟೊಟ್ಟಿಗೆ ಜೋರಾಗಿ ಮಾಡಿದ್ದು 1918, 1919ರಲ್ಲಿ ಮಾತ್ರ. ಯಾಂಕೀಸ್ ತಂಡಕ್ಕೆ ಬಂದ ಮೇಲೆ ಪಿಚಿಂಗ್ ಹೆಚ್ಚುಕಡಿಮೆ ಬಿಟ್ಟೇಬಿಟ್ಟ. ಓಟಾನಿ 2025ರ ಅಕ್ಟೋಬರ್ 17ರಂದು ಬ್ರೂವರ್ಸ್ ತಂಡದ ಎದುರು ಆರು ಇನ್ನಿಂಗ್ಸ್ ಒಂದೂ ರನ್ ಕೊಡದೆ 10 ಜನರನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿ, ಅದೇ ಪಂದ್ಯದಲ್ಲಿ ಮೂರು ಹೋಂ ರನ್ ಬಾರಿಸಿದ. ಅದೂ ಪ್ಲೇಆಫ್‌ನಲ್ಲಿ. ಯಾಂಕೀಸ್ ಅಭಿಮಾನಿಗಳು ಇದನ್ನು ಒಪ್ಪೋದಿಲ್ಲ, ಬಿಡಿ.