ಹಲ್ಲಿನ ವಿಮೆ: ಮೊದಲು ಬಾಯಿ ತೋರಿಸಿ, ಆಮೇಲೆ ಸಹಿ ಹಾಕಿ

ಪತ್ರ: ಮನೆಯಲ್ಲಿ ಮೂವರಿದ್ದೇವೆ. ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ನನ್ನ ಕೆಳ ದವಡೆಯ ಹಲ್ಲೊಂದು ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಯಜಮಾನರು ಎರಡು ವರ್ಷದ ಹಿಂದೆ ಕೀಳಿಸಿಕೊಂಡ ಹಲ್ಲಿನ ಜಾಗ ಖಾಲಿಯೇ ಇದೆ. ಮಗಳಿಗೆ ಏಳು ವರ್ಷ. ಹಲ್ಲಿನ ವಿಮೆ ಮಾಡಿಸೋಣವೇ, ಆ ದುಡ್ಡು ಕೂಡಿಡೋಣವೇ?

ಉತ್ತರ: ತಣ್ಣೀರು ನುಂಗಿದ ಕೂಡಲೇ ಜುಮ್ಮು ನಿಲ್ಲುತ್ತದೆಯೇ, ಅರ್ಧ ನಿಮಿಷವಾದರೂ ಉಳಿಯುತ್ತದೆಯೇ? ಮೊದಲು ಇದನ್ನು ಗಮನಿಸಿ. ಕೂಡಲೇ ನಿಂತರೆ ಹುಳುಕು ಹಲ್ಲಿನ ತಿರುಳಿಗೆ ಇನ್ನೂ ಮುಟ್ಟಿರಲಿಕ್ಕಿಲ್ಲ, ಫಿಲ್ಲಿಂಗ್‌ನಲ್ಲೇ ಮುಗಿಯಬಹುದು. ನೋವು ಎಳೆಯುತ್ತಾ ಹೋದರೆ ಅಥವಾ ರಾತ್ರಿ ತಾನಾಗಿಯೇ ಶುರುವಾಗಿ ನಿದ್ದೆ ಕೆಡಿಸಿದರೆ ತಿರುಳು ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಗ ರೂಟ್ ಕೆನಾಲ್, ಅಂದರೆ ಕೆಟ್ಟ ತಿರುಳು ತೆಗೆದು ಒಳಗೆ ತುಂಬಿಸುವ ಕೆಲಸ, ಅದರ ಮೇಲೊಂದು ಕ್ಯಾಪ್. ಖರ್ಚು ಫಿಲ್ಲಿಂಗ್‌ನ ಹಲವು ಪಟ್ಟು.

ವಿಮೆಯ ಮಾತು ಇಲ್ಲಿಗೇ ಬಂದು ನಿಲ್ಲುತ್ತದೆ. ಬಹಳಷ್ಟು ಪಾಲಿಸಿಗಳಲ್ಲಿ ಫಿಲ್ಲಿಂಗ್‌ಗೆ ಕೆಲವು ತಿಂಗಳು, ಕ್ಯಾಪ್, ಬ್ರಿಡ್ಜ್‌ನಂಥ (ಖಾಲಿ ಜಾಗದಲ್ಲಿ ಅಕ್ಕಪಕ್ಕದ ಹಲ್ಲುಗಳ ಆಸರೆಯಿಂದ ಕೂರಿಸುವ ಕಟ್ಟು ಹಲ್ಲು) ದೊಡ್ಡ ಕೆಲಸಕ್ಕೆ 12 ತಿಂಗಳವರೆಗೆ ಕಾಯುವ ಅವಧಿ ಇರುತ್ತದೆ, ಅಷ್ಟರೊಳಗೆ ಮಾಡಿಸಿದ್ದಕ್ಕೆ ಹಣ ಸಿಗುವುದಿಲ್ಲ. ಹುಳುಕು ಅಲ್ಲಿಯವರೆಗೆ ಸುಮ್ಮನೆ ಕೂರುವುದಿಲ್ಲ. ಆದ್ದರಿಂದ ನಿಮ್ಮ ಹಲ್ಲನ್ನು ಈ ತಿಂಗಳೇ ಕೈಯಿಂದಲೇ ಖರ್ಚು ಮಾಡಿ ತುಂಬಿಸಿಕೊಳ್ಳಿ. ದಂತ ವೈದ್ಯಕೀಯ ಕಾಲೇಜಿನ ಚಿಕಿತ್ಸಾಲಯ ಹತ್ತಿರವಿದ್ದರೆ ಖರ್ಚು ಸಾಮಾನ್ಯವಾಗಿ ಕಡಿಮೆ. ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರು ಮಾಡುವುದರಿಂದ ಹೊತ್ತು ಮಾತ್ರ ಜಾಸ್ತಿ ಹಿಡಿಯುತ್ತದೆ.

ಯಜಮಾನರ ಖಾಲಿ ಜಾಗಕ್ಕೆಂದು ಪಾಲಿಸಿ ತೆಗೆದುಕೊಳ್ಳುವುದಾದರೆ, ಸೇರುವ ಮುಂಚೆಯೇ ಹೋದ ಹಲ್ಲಿಗೆ ಹಣವಿಲ್ಲ ಎಂಬ ಷರತ್ತು ಇದೆಯೇ ನೋಡಿ. ಅನೇಕ ಪಾಲಿಸಿಗಳಲ್ಲಿ ಇದೆ. ಇದ್ದರೆ ಎಷ್ಟು ವರ್ಷ ಕಂತು ಕಟ್ಟಿದರೂ ಆ ಬ್ರಿಡ್ಜ್‌ಗೆ ಏನೂ ಸಿಗುವುದಿಲ್ಲ.

ಇನ್ನು ಲೆಕ್ಕ. ಬೇರೆ ವಿಮೆಯಲ್ಲಿ ಸಣ್ಣ ನಷ್ಟ ನಮ್ಮದು, ದೊಡ್ಡ ನಷ್ಟ ಕಂಪನಿಯದು. ಹಲ್ಲಿನ ವಿಮೆಯಲ್ಲಿ ಬಹುಪಾಲು ಇದು ತಿರುಗುಮುರುಗು: ವರ್ಷಕ್ಕಿಷ್ಟೇ ಎಂಬ ಮಿತಿ ಇರುತ್ತದೆ, ಅದು ದಾಟಿದ್ದೆಲ್ಲ ನಿಮ್ಮ ತಲೆಗೆ. ಬಳಸದೆ ಉಳಿದ ಮೊತ್ತವೂ ಸಾಮಾನ್ಯವಾಗಿ ಮುಂದಿನ ವರ್ಷಕ್ಕೆ ಬರುವುದಿಲ್ಲ. ಒಬ್ಬರ ಮಟ್ಟಿಗೆ ಬರೀ ಲೆಕ್ಕಕ್ಕೆಂದು ಒಂದು ಫಿಲ್ಲಿಂಗ್ 100, ಕ್ಲೀನಿಂಗ್ 60, ವರ್ಷದ ಕಂತು 300, ಮೊದಲು ನೀವೇ ಕೊಡಬೇಕಾದ ಪಾಲು 50 ಎಂದಿಟ್ಟುಕೊಳ್ಳಿ. ಎರಡು ಕ್ಲೀನಿಂಗ್ ಪೂರ್ತಿ ಉಚಿತವಾದರೆ 120. ಫಿಲ್ಲಿಂಗ್‌ನಲ್ಲಿ 50 ಕಳೆದು ಉಳಿದದ್ದಕ್ಕೆ ಶೇ. 80 ಎಂದರೆ 40. ಒಟ್ಟು 160 ಪಡೆಯಲು 300 ಕಟ್ಟಿದಂತಾಯಿತು. ಅದೇ ವರ್ಷ ಒಟ್ಟು 1,200 ಆಗುವ ರೂಟ್ ಕೆನಾಲ್ ಮತ್ತು ಕ್ಯಾಪ್‌ಗೆ ಅರ್ಧ ಸಿಕ್ಕರೆ ಕಂತು ಕಳೆದೂ ಲಾಭವೇ. ನಿಮ್ಮ ಕೈಯಲ್ಲಿರುವ ಪಾಲಿಸಿಯ ಅಂಕಿಗಳನ್ನು ಇದೇ ರೀತಿ ಬರೆದು ನೋಡಿ, ಕಾಯುವ ತಿಂಗಳುಗಳಲ್ಲಿ ಕಟ್ಟುವ ಕಂತನ್ನೂ ಸೇರಿಸಿ.

ಅದಕ್ಕೇ ಸಹಿ ಹಾಕುವ ಮುನ್ನ ಮೂವರೂ ಒಮ್ಮೆ ತಪಾಸಣೆ ಮಾಡಿಸಿ, ಬೇಕಿದ್ದರೆ ಎಕ್ಸ್‌ರೇ ತೆಗೆಸಿ, ಮುಂದಿನ ಎರಡು ವರ್ಷಕ್ಕೆ ಏನೇನು ಬರಬಹುದೆಂದು ವೈದ್ಯರಿಂದ ಬರೆಸಿಕೊಳ್ಳಿ. ಅರ್ಜಿಯಲ್ಲಿ ಹಳೆಯ ತೊಂದರೆ ಕೇಳಿದ್ದರೆ ಮುಚ್ಚಿಡಬೇಡಿ. ಹಳೆಯ ಎಕ್ಸ್‌ರೇ ನೋಡಿ ಕ್ಲೇಮು ತಳ್ಳಿಹಾಕಬಹುದು. ಕೆಲಸದ ಕಡೆಯಿಂದ ಗುಂಪು ಪಾಲಿಸಿ ಇದ್ದು, ಕಂತಿನಲ್ಲಿ ಮಾಲೀಕರ ಪಾಲೂ ಇದ್ದರೆ ನಿಸ್ಸಂಕೋಚವಾಗಿ ಸೇರಿ. ಇಲ್ಲವಾದರೆ, ನೀವು ಹೇಳಿದಷ್ಟರ ಮೇಲೆ ನನ್ನ ಮತ ಕೂಡಿಡುವುದರ ಕಡೆಗೆ. ಕಂತಿನಷ್ಟೇ ಮೊತ್ತವನ್ನು ತಿಂಗಳ ಮೊದಲ ದಿನವೇ ಬೇರೆ ಖಾತೆಗೆ ಹಾಕಿ. ಕೊನೆಗೆ ಉಳಿದದ್ದನ್ನು ಹಾಕುತ್ತೇನೆಂದರೆ ಉಳಿಯುವುದಿಲ್ಲ.

ಆ ಹಣದಲ್ಲಿ ಮೊದಲ ಪಾಲು ಮಗಳದ್ದಾಗಲಿ. ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುವ ದವಡೆ ಹಲ್ಲನ್ನು, ಹೇಗೂ ಬಿದ್ದುಹೋಗುವ ಹಲ್ಲು ಎಂದುಕೊಂಡು ಬಿಟ್ಟುಬಿಡುವವರು ಬಹಳ. ಅದು ಶಾಶ್ವತ ಹಲ್ಲು. ಅದರ ಮೇಲಿನ ಸಂದುಗಳಿಗೆ ಸೀಲೆಂಟ್, ಅಂದರೆ ಹುಳುಕು ತಡೆಯುವ ತೆಳು ಲೇಪ, ಹಚ್ಚಿಸಬಹುದೇ ಎಂದು ತಪಾಸಣೆಯ ದಿನವೇ ಕೇಳಿ. ಕೊರೆಯುವುದಿಲ್ಲ, ನೋವಿಲ್ಲ, ಹಲ್ಲೊಂದಕ್ಕೆ ಕೆಲವೇ ನಿಮಿಷ ಸಾಕು.