ಹೆರಿಗೆ ವಾರ್ಡಿನಲ್ಲಿ ಸಿಸ್ಟರ್‌ಗಳು ಯಾಕೆ ಅಷ್ಟು ಬೈಯುತ್ತಾರೆ? ಅವರಿಗೆ ಕನಿಕರವೇ ಇರುವುದಿಲ್ಲವೇ?

ನಿಮ್ಮ ತಂಗಿಯ ಚೊಚ್ಚಲ ಹೆರಿಗೆಯಲ್ಲಿ ಸಿಸ್ಟರ್ ತೊಡೆಗೆ ಹೊಡೆದರು, ಬಾಯಿಗೆ ಬಂದಂತೆ ಬೈದರು, ಹೊರಗೆ ನಿಂತವರಿಗೂ ಅದು ಕೇಳಿಸಿತು ಎಂದು ಬರೆದಿದ್ದೀರಿ. ಗೌರವದಿಂದ ನೋಡಿಕೊಳ್ಳುವುದನ್ನು ಟ್ರೈನಿಂಗಿನಲ್ಲಿ ಹೇಳಿಕೊಡುವುದಿಲ್ಲವೇ ಎಂದೂ ಕೇಳಿದ್ದೀರಿ. ನಾನು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಶುಶ್ರೂಷಾಧಿಕಾರಿ. ಹೊಡೆದದ್ದು ತಪ್ಪು. ಅದಕ್ಕೆ ನಾನು ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ.

ಹೇಳಿಕೊಡುತ್ತಾರೆ. ಪಠ್ಯದಲ್ಲಿದೆ, ಪರೀಕ್ಷೆಯಲ್ಲೂ ಬರೆದು ಬಂದಿರುತ್ತೇವೆ. ಆದರೆ ಲೇಬರ್ ರೂಮಿಗೆ ಹೊಸದಾಗಿ ಬಂದ ಹುಡುಗಿ ಕೆಲಸ ಕಲಿಯುವುದು ಪಕ್ಕದಲ್ಲಿ ನಿಂತ ಸೀನಿಯರನ್ನು ನೋಡಿ. "ಜೋರು ಮಾಡದಿದ್ರೆ ಇವರು ಮುಕ್ಕಲ್ಲ, ಮಗುವಿಗೆ ಏನಾದ್ರೂ ಆದ್ರೆ ನಮ್ಮ ತಲೆಗೆ ಬರುತ್ತೆ" ಎಂಬ ಮಾತು ಅವಳ ಕಿವಿಗೆ ಮೊದಲ ವಾರವೇ ಬೀಳುತ್ತದೆ. ಹಾಗೆ ಹೇಳುವವರಲ್ಲಿ ಹಲವರು ಕೆಟ್ಟವರಲ್ಲ. ಮಗುವನ್ನು ಉಳಿಸುವ ದಾರಿ ಇದೇ ಎಂದು ನಂಬಿದ್ದಾರೆ.

ಆ ನಂಬಿಕೆಯೇ ಸುಳ್ಳು. ಹೆದರಿದವಳ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನ್ ಏರುತ್ತದೆ, ಗರ್ಭಕೋಶವನ್ನು ಬಿಗಿಸುವ ಆಕ್ಸಿಟೋಸಿನ್ ಹಾರ್ಮೋನಿಗೆ ಅದು ಅಡ್ಡಿ ಮಾಡುತ್ತದೆ, ಹೆರಿಗೆ ಎಳೆಯುತ್ತದೆ. ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಮುಂಚೆ ಗದರಿಸಿ ಮುಕ್ಕಿಸಿದರೆ ಅದು ಬಾತುಕೊಳ್ಳುತ್ತದೆ, ನಿಜವಾಗಿ ಮುಕ್ಕಬೇಕಾದ ಹೊತ್ತಿಗೆ ಅವಳಲ್ಲಿ ಶಕ್ತಿಯೇ ಉಳಿದಿರುವುದಿಲ್ಲ. ಹೆರಿಗೆಯುದ್ದಕ್ಕೂ ಜೊತೆಗೊಬ್ಬರು ಇದ್ದರೆ ಏನಾಗುತ್ತದೆ ಎಂಬ ಬಗ್ಗೆ 17 ದೇಶಗಳಲ್ಲಿ ನಡೆದ, 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ಅಧ್ಯಯನಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2017ರಲ್ಲಿ ಒಟ್ಟುಗೂಡಿಸಿ ನೋಡಿತು. ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಸ್ವಲ್ಪ ಕಡಿಮೆ. ಬೆನ್ನ ಮೇಲೊಂದು ಕೈ, ಆಗಾಗ ಒಂದು ಗುಟುಕು ನೀರು, "ನಾನಿದ್ದೀನಿ" ಎನ್ನುವ ಮಾತು, ಇವು ಚಿಕಿತ್ಸೆಯ ಲೆಕ್ಕಕ್ಕೇ ಸೇರಬೇಕಾದವು.

ಕೆಲಸದ ಹೊರೆ ಇಲ್ಲವೇ? ಇದೆ. ನೈಟ್ ಡ್ಯೂಟಿಯಲ್ಲಿ ಒಬ್ಬಳೇ ಸಿಸ್ಟರ್, ಮೂವರಿಗೆ ಒಟ್ಟಿಗೇ ನೋವು, ಅದರ ನಡುವೆ ಕೇಸ್ ಶೀಟು, ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತು ಹಾಕುವ ಪಾರ್ಟೋಗ್ರಾಫ್, ತಾಯಿ ಕಾರ್ಡು, ರಿಜಿಸ್ಟರು. ಊಟದ ಡಬ್ಬಿ ತೆಗೆಯಲೂ ಆಗದ ರಾತ್ರಿಗಳು ನಮಗೆ ಹೊಸದಲ್ಲ. ಸಿಬ್ಬಂದಿ ಹೆಚ್ಚಿಸಿ ಎಂದು ನಾವು ಕೇಳುತ್ತಲೇ ಇದ್ದೇವೆ, ಕೇಳಲೂಬೇಕು.

ಆದರೆ ಸುಸ್ತೊಂದೇ ಕಾರಣ ಎಂದರೆ ನಾನು ಒಪ್ಪುವುದಿಲ್ಲ. ಅದೇ ರಾತ್ರಿ, ಅದೇ ಸಿಸ್ಟರ್, ಅಷ್ಟೇ ಸುಸ್ತು. ಪಕ್ಕದ ಟೇಬಲ್ ಮೇಲೆ ಹೈಸ್ಕೂಲ್ ಮೇಷ್ಟ್ರ ಹೆಂಡತಿ ಇದ್ದರೆ "ಸ್ವಲ್ಪ ತಡ್ಕೊಳ್ಳಿ ಮೇಡಂ" ಎನ್ನುವ ಬಾಯಿ, ತಾಂಡಾದಿಂದ ಬಂದವಳಿಗೆ, ನಾಲ್ಕನೇ ಹೆರಿಗೆಯವಳಿಗೆ, ಮದುವೆಯಾಗದೆ ಬಸಿರಾದ ಹುಡುಗಿಗೆ ಏಕವಚನದಲ್ಲಿ ಬೈಯುತ್ತದೆ. ಕನಿಕರ ಇಲ್ಲದ್ದಲ್ಲ, ಯಾರಿಗೆ ಕೊಡಬೇಕು ಯಾರಿಗೆ ಬೇಡ ಎಂದು ಮನಸ್ಸು ಒಳಗೇ ಆರಿಸಿಕೊಂಡಿರುತ್ತದೆ. ಜಾತಿ, ಬಟ್ಟೆ, ಭಾಷೆ, ಜೊತೆಗೆ ಬಂದವರು ಯಾರು ಎಂಬುದು, ಎಲ್ಲ ಆ ಆಯ್ಕೆಯಲ್ಲಿ ಸೇರಿಕೊಂಡಿರುತ್ತವೆ. ನಮ್ಮ ವೃತ್ತಿಯವರು ಇದನ್ನು ಮುಖಕ್ಕೆ ಮುಖ ಕೊಟ್ಟು ಮಾತಾಡದೆ ಇದ್ದರೆ ಎಷ್ಟು ಟ್ರೈನಿಂಗ್ ಕೊಟ್ಟರೂ ಅಷ್ಟೇ.

ಇದು ಬರೀ ಮನಸ್ಸು ನೋಯುವ ವಿಷಯವೂ ಅಲ್ಲ. ನಮ್ಮ ದೇಶದಲ್ಲಿ ಬಾಣಂತಿಯರ ಸಾವಿಗೆ ದೊಡ್ಡ ಕಾರಣ ರಕ್ತಸ್ರಾವ, ಹೆರಿಗೆಯಾದ ಮೊದಲ ಕೆಲವು ಗಂಟೆಗಳೇ ಹೆಚ್ಚು ಅಪಾಯದವು. ಒಮ್ಮೆ ನನ್ನ ಡ್ಯೂಟಿಯಲ್ಲಿ ಹೆರಿಗೆಯಾಗಿ ಇನ್ನೂ ಒಂದು ಗಂಟೆ ಕಳೆಯದ ಹೆಣ್ಣುಮಗಳೊಬ್ಬಳು ಸುಮ್ಮನೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾಡಿ ಹಿಡಿದರೆ ಓಡುತ್ತಿತ್ತು. ಹೊದಿಕೆ ಸರಿಸಿದರೆ ಪ್ಯಾಡ್ ತೊಯ್ದು, ಕೆಳಗಿನ ಹಾಸೂ ತೊಯ್ದಿತ್ತು. ಹೊಟ್ಟೆ ಮುಟ್ಟಿದೆ, ಗಟ್ಟಿಯಾಗಿರಬೇಕಿದ್ದ ಗರ್ಭಕೋಶ ಮೆತ್ತಗಿತ್ತು. ಡಾಕ್ಟರನ್ನು ಕೂಗಿ, ಹೊಟ್ಟೆ ಉಜ್ಜುತ್ತ, ಡ್ರಿಪ್ ಏರಿಸಿ, ಇಂಜೆಕ್ಷನ್ ಕೊಟ್ಟು ಅಂತೂ ರಕ್ತ ನಿಂತಿತು. ಬೆಳಗಿನ ಜಾವ ಯಾಕವ್ವ ಹೇಳಲಿಲ್ಲ ಎಂದು ಕೇಳಿದೆ. "ಹ್ವಾದ ಹೆರಿಗ್ಯಾಗ ಹೇಳಿದ್ದಕ್ಕ ಭಾಳ ಬೈದಿದ್ರರಿ, ಅದಕ್ಕ ಸುಮ್ಮಕಿದ್ದೆ" ಅಂದಳು. ಯಾವ ಆಸ್ಪತ್ರೆಯಲ್ಲೋ ಯಾವಾಗಲೋ ಬಿದ್ದ ಒಂದು ಬೈಗುಳ, ವರ್ಷಗಳ ಮೇಲೆ ನನ್ನ ವಾರ್ಡಿನಲ್ಲಿ ಅವಳ ಜೀವಕ್ಕೇ ಕುತ್ತು ತಂದಿತ್ತು.

ಈಗ ಸುಧಾರಣೆ ಆಗಿಲ್ಲವೆಂದಲ್ಲ. ಸರ್ಕಾರಿ ಆಸ್ಪತ್ರೆಯ ಲೇಬರ್ ರೂಮಿನಲ್ಲಿ ಗರ್ಭಿಣಿಯ ಜೊತೆ ಒಬ್ಬರು ಇರಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಹೆರಿಗೆಯ ಅನುಭವ ಇರುವ ಹೆಂಗಸಾಗಿದ್ದರೆ ಒಳ್ಳೆಯದು. ಮರೆ ಮಾಡುವ ವ್ಯವಸ್ಥೆ ಇದ್ದಲ್ಲಿ ಗಂಡನೂ ಇರಬಹುದು. ಲೇಬರ್ ರೂಮುಗಳ ಗುಣಮಟ್ಟ ಸುಧಾರಿಸಲು 2017ರಲ್ಲಿ ಬಂದ ಕೇಂದ್ರದ 'ಲಕ್ಷ್ಯ' ಕಾರ್ಯಕ್ರಮ ಗೌರವದಿಂದ ನೋಡಿಕೊಳ್ಳುವುದನ್ನೂ ಗುಣಮಟ್ಟದ ಭಾಗವೆಂದೇ ಎಣಿಸುತ್ತದೆ. ನಮ್ಮಲ್ಲಿ ಟೇಬಲ್‌ಗಳ ನಡುವೆ ಪರದೆ ಬಂದು, ತಾಯಿಯೋ ಅತ್ತೆಯೋ ಒಳಗೆ ನಿಲ್ಲತೊಡಗಿದ ಮೇಲೆ ದನಿಗಳು ತಾವಾಗಿಯೇ ತಗ್ಗಿದವು. ಮನೆಯವರ ಎದುರು ಹೊಡೆಯಲು ಕೈ ಏಳುವುದಿಲ್ಲ. ಮನಸ್ಸು ಬದಲಾಗುವವರೆಗೆ ಕಾಯುತ್ತ ಕೂರುವುದಕ್ಕಿಂತ ಒಂದು ಪರದೆ, ಒಬ್ಬ ಜೊತೆಗಾತಿ ಬೇಗ ಕೆಲಸ ಮಾಡುತ್ತವೆ ಎಂಬುದು ನನ್ನ ಅನುಭವ. ಇನ್ನೊಂದು ಅಭ್ಯಾಸವನ್ನು ನಾನು ಹೊಸಬರಿಗೆ ಪಟ್ಟು ಹಿಡಿದು ಕಲಿಸುತ್ತೇನೆ: ಕೈ ಹಾಕುವ ಮುಂಚೆ ಹೇಳು. "ಈಗ ಒಳಗೆ ನೋಡ್ತೀನವ್ವ, ಸ್ವಲ್ಪ ನೋವಾಗ್ತದ, ಉಸಿರು ಬಿಡು." ಇಷ್ಟು ಹೇಳಿದರೆ ಅವಳು ತೊಡೆ ಬಿಗಿ ಹಿಡಿಯುವುದಿಲ್ಲ, ಪರೀಕ್ಷೆ ಬೇಗ ಮುಗಿಯುತ್ತದೆ.

ನಿಮ್ಮ ತಂಗಿಯ ವಿಷಯಕ್ಕೆ ಬಂದರೆ, ಹೊಡೆದದ್ದರ ಬಗ್ಗೆ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ದಿನಾಂಕ, ಸಮಯ ಸಮೇತ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿಯೂ ದೂರು ಹೇಳಬಹುದು. ದೂರು ಕೊಟ್ಟರೆ ಮುಂದೆ ಸರಿಯಾಗಿ ನೋಡುವುದಿಲ್ಲ ಎಂಬ ಭಯ ನಿಮಗಿರಬಹುದು. ಆದರೆ ಬರವಣಿಗೆಯಲ್ಲಿ ಬಂದದ್ದಕ್ಕೆ ಮಾತ್ರ ನಮ್ಮ ಮೀಟಿಂಗುಗಳಲ್ಲಿ ಯಾರಾದರೂ ಉತ್ತರ ಹೇಳಬೇಕಾಗುತ್ತದೆ. ಮಗುವಿಗೆ ಒಂದೂವರೆ ತಿಂಗಳಿಗೆ ಚುಚ್ಚುಮದ್ದು ಹಾಕಿಸಬೇಕು. ಆ ಆಸ್ಪತ್ರೆಗೆ ಹೋಗಲಾರೆ ಎಂದು ಅವಳು ಹಿಂಜರಿದರೆ ಒತ್ತಾಯ ಬೇಡ, ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ, ಹತ್ತಿರದ ಉಪಕೇಂದ್ರದಲ್ಲೂ ಹಾಕುತ್ತಾರೆ. ಅವಳು ಸರಿಯಾಗಿ ನಿದ್ದೆ ಮಾಡದೆ, ಸುಮ್ಮಸುಮ್ಮನೆ ಅಳುತ್ತ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದೆ ಎರಡು ವಾರ ಕಳೆದರೆ ಬಾಣಂತನದಲ್ಲಿ ಹೀಗೇ ಎಂದು ತಳ್ಳಿಹಾಕದೆ ಡಾಕ್ಟರಿಗೆ ತೋರಿಸಿ. ಹೋಗುವಾಗ ನೀವೋ ನಿಮ್ಮ ತಾಯಿಯೋ ಜೊತೆಗಿರಿ.